ಕಾಕಾ ರಿವರ್ಸ್ ಬರುತ್ತಿದ್ದಾರೆ

ಜೀವನದಲ್ಲಿ ಮುಂದೆ ಬಂದವರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ನಾನು ಹೇಳಹೊರಟಿರುವುದು ಒಂದು ಇಡೀ ಬೇಸಿಗೆ ಹಿಂದಕ್ಕೆ ನಡೆದವರ ಕಥೆ. ಇದೇನೂ ಅಲಂಕಾರದ ಮಾತಲ್ಲ. ನಮ್ಮ ಕಾಕಾ ನಿಜಕ್ಕೂ, ತಮ್ಮ ಎರಡೂ ಕಾಲುಗಳಿಂದ, ಬೆನ್ನನ್ನು ಮುಂದೆ ಮಾಡಿಕೊಂಡು ನಮ್ಮೂರು ಐಗಳಿಯ ಓಣಿಗಳಲ್ಲಿ ಹಿಂದಕ್ಕೆ ನಡೆದರು. ನಾಯಿಗಳು ಮೊದಲು ಬೊಗಳಿದವು, ಆಮೇಲೆ ರೂಢಿ ಮಾಡಿಕೊಂಡವು. ಜನ ಮಾತ್ರ ಕೊನೆಯವರೆಗೂ ರೂಢಿ ಮಾಡಿಕೊಳ್ಳಲಿಲ್ಲ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ಯಾರ್ಡಿನಲ್ಲಿ ಅವರ ನೌಕರಿ. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಬಂದ ಟ್ರ್ಯಾಕ್ಟರುಗಳನ್ನು ರಿವರ್ಸ್ ತೆಗೆಸಿ, ಒಂದಕ್ಕೊಂದು ತಾಗದಂತೆ ಸಾಲಾಗಿ ನಿಲ್ಲಿಸುವುದು. "ಬರ್ಲಿ… ಬರ್ಲಿ… ಬರ್ಲಿ… ಎಡಕ್ ತುಗೋ… ಬರ್ಲಿ… ಹಾಂ, ಸಾಕ್!" ಇದನ್ನೇ ಹಗಲೆಲ್ಲ ಕೂಗಿ ಕೂಗಿ ಅವರ ದನಿ ಕಬ್ಬಿನ ಗಾಣದಂತಾಗಿತ್ತು. ನಾನು ಬಿ.ಎ. ಮುಗಿಸಿ, ಬೇರೆ ಏನನ್ನೂ ಮುಗಿಸದೆ ಮನೆಯಲ್ಲಿದ್ದವನು. ಕಂಡವರ ನಕಲು ಮಾಡುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಊರಲ್ಲಿ ನಾನು ನಕಲು ಮಾಡದ ಮನುಷ್ಯನಿರಲಿಲ್ಲ. ಕನ್ನಡಿಯ ಮುಂದೆ ನನ್ನದೇ ನಕಲನ್ನೂ ಮಾಡಿ ನೋಡಿದ್ದೇನೆ. ಅದು ಅಷ್ಟು ಚೆನ್ನಾಗಿ ಬರಲಿಲ್ಲ. ಸರಕು ಕಡಿಮೆ!

ಆ ವರ್ಷ ಕಾಕಾನ ಒಬ್ಬಳೇ ಮಗಳು ಪದ್ಮಾಳ ಲಗ್ನ ಸಾಂಗಲಿ ಕಡೆಯ ಹುಡುಗನೊಂದಿಗೆ ಗೊತ್ತಾಯಿತು. ಮೊಬೈಲಿನಲ್ಲಿ ಕ್ಯಾಮೆರಾ ಇರುತ್ತದೆಂದು ಯಾರಾದರೂ ಹೇಳಿದರೆ ನಮ್ಮೂರಲ್ಲಿ ಅವರನ್ನು ಸುಳ್ಳುಗಾರರೆಂದು ಕರೆಯುತ್ತಿದ್ದ ಕಾಲ ಅದು. ಬೀಗರು ಬಂದು, ಬೆಲ್ಲ-ನೀರು ಕುಡಿದು, "ಫೋಟೋಗ್ರಾಫರನ್ನ ನಮ್ಮ ಕಡಿಯಿಂದನ ತರ್ತೇವ್ರಿ" ಎಂದರು. ಎಂಥ ಒಳ್ಳೆಯ ಬೀಗರು! ಬೇರೆಯವರಾಗಿದ್ದರೆ ಕೈಮುಗಿಯುತ್ತಿದ್ದರು. ಕಾಕಾ ಮಾತ್ರ ಬೆಚ್ಚಿಬಿದ್ದರು.

ಅದಕ್ಕೊಂದು ಹಳೆಯ ಗಾಯ ಕಾರಣ. ಕಾಕಾನ ಸ್ವಂತ ಲಗ್ನದಲ್ಲಿ ಫೋಟೋಗ್ರಾಫರ್ ಬಂದದ್ದು ನಿಪ್ಪಾಣಿಯಿಂದ, ಕಾಕೂನ ತವರಿನ ಕಡೆಯವನು. ಆ ಪುಣ್ಯಾತ್ಮ ತನ್ನ ಕಡೆಯವರನ್ನೆಲ್ಲ ನಡುವೆ ನಿಲ್ಲಿಸಿ ಹೊಡೆದ. ಅಲ್ಬಮ್ ತೆರೆದರೆ ಕಾಕಾ ಒಂದು ಪುಟದಲ್ಲಿ ಬರೀ ತಲೆಯ ಪಟಗ, ಇನ್ನೊಂದರಲ್ಲಿ ಬರೀ ಕಿವಿ, ಮತ್ತೊಂದರಲ್ಲಿ ಯಾರದೋ ಹೆಗಲ ಮೇಲಿನ ನಾಲ್ಕು ಬೆರಳು. ಪೂರ್ತಿ ಕಾಣುವುದು ಒಂದೇ ಫೋಟೋದಲ್ಲಿ, ಅದೂ ಹೋಳಿಗೆಯ ಮುಂದೆ ಬಾಯಿ ತೆರೆದು.

"ಫೋಟೋಗ್ರಾಫರ್ ಯಾರ ಕಡಿಯಿಂದ ಬರ್ತಾನೋ ಲಗ್ನ ಅವರದs ಆಕ್ಕೈತಿ," ಎಂದರು ಕಾಕಾ. "ನನ್ನ ಮಗಳ ಮಾರಿ ಅಲ್ಬಮ್ಮಿನ್ಯಾಗ ಅರ್ಧಾ ಬರಬಾರ್ದು. ನಮ್ಮ ಕಡಿಯಿಂದ ಒಬ್ಬ ಸೆಕೆಂಡ್ ಫೋಟೋಗ್ರಾಫರ್ ಬೇಕs ಬೇಕು."

"ಯಾರನ್ನ ಕರಸ್ತೀರಿ?" ಎಂದಳು ಕಾಕೂ.

"ಕರಸೂದ್ಯಾಕ? ನಾ ಇಲ್ಲೇನು?"

ಕಾಕೂ ಶ್ಯಾವಿಗೆ ಹೊಸೆಯುತ್ತಿದ್ದ ಕೈ ನಿಲ್ಲಿಸಿದಳು. "ಹೆಣ್ಣಿನ ಅಪ್ಪ ಫೋಟೋ ಹೊಡಕೋತ ಅಡ್ಡಾಡಿದ್ರ ಅಪ್ಪನ ಕೆಲಸ ಯಾರ ಮಾಡಾವ್ರು? ಅಪ್ಪನ್ನ ಬಾಡಿಗಿ ತರೂನೇನು?"

ಕಾಕಾ ಮರುದಿನವೇ ಅಥಣಿಗೆ ಹೋಗಿ, ಅಲ್ಲೊಬ್ಬ ಸ್ಟುಡಿಯೋದವನ ಮುಂದೆ ಶಿಷ್ಯನಾಗಿ ಕೂತರು. ಮುರಿದ ಕುರ್ಚಿಯ ಮೇಲೆ ಕೂತಿದ್ದ ಆ ಗುರು ಕ್ಯಾಮೆರಾ ಮುಟ್ಟಲೂ ಬಿಡಲಿಲ್ಲವಂತೆ.

"ಫೋಟೋ ಹೊಡ್ಯೂದೇನೈತ್ರಿ, ಮಂಗ್ಯಾನೂ ಹೊಡೀತೈತಿ. ನಡ್ಯಾಕ ಬರಬೇಕ್ರಿ, ನಡ್ಯಾಕ!"

"ಸಣ್ಣಂವಿದ್ದಾಗಿಂದ ನಡ್ಯಾಕತ್ತೇನಲ್ರಿ?"

"ಮುಂದಕ್ಕ ನಡದೀರಿ. ಹಿಂದಕ್ಕ ನಡದೀರೇನು? ಮದಿಮಗಳು ಮುಂದ ಬರ್ತಾಳ, ನೀವು ಆಕಿ ಮಾರಿ ನೋಡಕೋತ ಹಿಂದಕ್ಕ ಹೋಗಬೇಕು. ತಿರುಗಿ ನೋಡಿದ್ರಿ ಅಂದ್ರ ಫೋಟೋ ಹೋತು. ನೋಡದs ಬಿದ್ರಿ ಅಂದ್ರ ಮರ್ಯಾದಿ ಹೋತು."

ಇಷ್ಟೇ ಪಾಠ. ಅಂದು ಸಂಜೆಯಿಂದಲೇ ಕಾಕಾ ರಿವರ್ಸ್ ಗೇರಿಗೆ ಬಿದ್ದರು. ಮನೆಯಿಂದ ಪಾನ್ ಅಂಗಡಿಗೆ, ಪಾನ್ ಅಂಗಡಿಯಿಂದ ಬಸ್ ನಿಲ್ದಾಣಕ್ಕೆ, ಎರಡೂ ಕೈಗಳನ್ನು ಕಣ್ಣಿನ ಮುಂದೆ ಕ್ಯಾಮೆರಾದಂತೆ ಹಿಡಿದುಕೊಂಡು ಹಿಂದಕ್ಕೆ, ಹಿಂದಕ್ಕೆ. ಇದರಲ್ಲೊಂದು ವಿಚಿತ್ರ ತೊಂದರೆಯಿದೆ, ನೀವೂ ಮಾಡಿ ನೋಡಿ: ಎದುರಿಗೆ ಬಂದವರು ನಿಮಗೆ ಕಾಣುವುದು ಅವರು ದಾಟಿ ಹೋದ ಮೇಲೆಯೇ. ಹಾಗಾಗಿ ಕಾಕಾ ಜನರ ಬೆನ್ನಿಗೇ ನಮಸ್ಕಾರ ಮಾಡತೊಡಗಿದರು. ದಾಟುವಷ್ಟು ವೇಗವಿಲ್ಲದ ನಿವೃತ್ತ ಹೆಡ್ ಮಾಸ್ತರರ ಕಾಲನ್ನು ತುಳಿದೇಬಿಟ್ಟರು.

"ಏನಪಾ ಇದು ಅವತಾರ?" ಎಂದರು ಮಾಸ್ತರರು.

"ಮಗಳ ಲಗ್ನ ಐತ್ರಿ ಸರ್."

"ಲಗ್ನ ಇದ್ರ ಹಿಂಗ್ಯಾಕ?"

"ಫೋಟೋ ಹೊಡೀಬೇಕಲ್ರಿ."

"ಕ್ಯಾಮೆರಾ ಎಲ್ಲಿ?"

"ಅದ ಇನ್ನಾ ಬಂದಿಲ್ರಿ."

ಕಾಕೂನ ಶ್ಯಾವಿಗೆಯದು ಬೇರೆಯೇ ಕಥೆ. ಲಗ್ನಕ್ಕೆಂದು ಹೊಸೆದ ಶ್ಯಾವಿಗೆಯನ್ನು ಅಂಗಳದಲ್ಲಿ ಕೋಲುಗಳ ಮೇಲೆ ಒಣಹಾಕಿದ್ದಳು. ಹಿಂದಕ್ಕೆ ಬಂದ ಕಾಕಾ ಅದರೊಳಗೆ ಹೊಕ್ಕು, ಮೈತುಂಬ ಜರತಾರಿ ಹೊದ್ದ ಮದುಮಗನಂತೆ ಹೊರಬಂದರು. ಮುಂದೆ ಅದೇ ಶ್ಯಾವಿಗೆಯನ್ನು ಬೀಗರು ಹಾಲು-ತುಪ್ಪ ಹಾಕಿಕೊಂಡು ತಿಂದು, ಇಂಥ ರುಚಿ ಸಾಂಗಲಿಯಲ್ಲಿ ಸಿಗುವುದಿಲ್ಲ ಎಂದರು. ಹೇಗೆ ಸಿಕ್ಕೀತು?

ಶ್ಯಾವಿಗೆಯ ಪ್ರಕರಣವಾದ ಮೇಲೆ ಕಾಕಾಗೆ ಒಬ್ಬ ಸಹಾಯಕ ಬೇಕೆನಿಸಿತು. ದೊಡ್ಡ ಫೋಟೋಗ್ರಾಫರುಗಳು ಹಿಂದಕ್ಕೆ ನಡೆಯುವಾಗ ಅವರ ಬೆಲ್ಟು ಹಿಡಿದು ನಡೆಸುವವನೊಬ್ಬ ಇರುತ್ತಾನಂತೆ. ನನ್ನನ್ನು ಕರೆಸಿದರು.

"ಏ, ನೀ ನನ್ನ ನಕಲ್ ಮಾಡ್ತಿ ಅಂತ ಕೇಳೇನಿ. ಮಾಡು ನೋಡೂನು."

ಸಿಕ್ಕಿಬಿದ್ದೆ! ಹೆದರುತ್ತಲೇ ಎದೆ ಮುಂದೆ ಮಾಡಿ, ಗಂಟಲನ್ನು ಗಾಣಕ್ಕೆ ಕೊಟ್ಟು ಕೂಗಿದೆ: "ಬರ್ಲಿ… ಬರ್ಲಿ… ಎಡಕ್ ತುಗೋ… ಹಾಂ, ಸಾಕ್!"

ಕಾಕಾ ಕಣ್ಣು ಮುಚ್ಚಿ ಕೇಳಿದರು. "ಇದs ಬೇಕಾಗಿತ್ತು ನೋಡು. ಬ್ಯಾರೇದವರ ಮಾತು ನಾ ಕೇಳಂಗಿಲ್ಲ. ನನ್ನ ಮಾತು ನಾ ಕೇಳ್ತೇನಿ."

ಹೀಗೆ ನಾನು ಸೆಕೆಂಡ್ ಫೋಟೋಗ್ರಾಫರನ ಸೆಕೆಂಡ್ ಆಗಿ ನೇಮಕಗೊಂಡೆ. ಬಿ.ಎ. ಪದವಿಗೆ ಸಿಕ್ಕ ಮೊದಲ ನೌಕರಿ: ಬೆಲ್ಟು ಹಿಡಿಯುವುದು! ನಾನು ಹೋಗುವ ದಿಕ್ಕಿಗೆ ಮುಖ ಮಾಡಿ, ಒಂದು ಕೈಯನ್ನು ಹಿಂದೆ ಚಾಚಿ ಅವರ ಬೆಲ್ಟು ಹಿಡಿಯಬೇಕು. ಬೆನ್ನಿಗೆ ಬೆನ್ನು. ಅವರಿಗೆ ದಾರಿ ಕಾಣುವುದಿಲ್ಲ, ನನಗೆ ಮದುಮಗಳು ಕಾಣುವುದಿಲ್ಲ. ಇಬ್ಬರೂ ಸೇರಿ ಒಬ್ಬ ಪೂರ್ತಿ ಮನುಷ್ಯ.

ಅಷ್ಟರಲ್ಲಿ ಸ್ಟುಡಿಯೋದವನ ಹಳೆಯ ಕ್ಯಾಮೆರಾವೊಂದು ಮನೆಗೆ ಬಂತು. ರೀಲು ಹಾಳಾಗಬಾರದೆಂದು ಕಾಕಾ ರೀಲಿಲ್ಲದೆಯೇ ಊರೆಲ್ಲ ಫ್ಲ್ಯಾಶ್ ಹೊಡೆದರು. ಪಕ್ಕದ ಮನೆಯ ಅಜ್ಜಿ ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ತೆಗೆದು ಉಟ್ಟು, ತುಳಸಿಕಟ್ಟೆ ಹಿಡಿದು ನಿಂತಳು. ಆ ಫೋಟೋವನ್ನು ಇಂದಿಗೂ ಕೇಳುತ್ತಾಳೆ. "ರೀಲ್ ಸಾಂಗಲಿಗಿ ತೊಳ್ಯಾಕ ಕಳಿಸೇವಿ ಆಯಿ," ಎಂದು ನಾನು ಇಂದಿಗೂ ಹೇಳುತ್ತೇನೆ.

ಪೂರ್ತಿ ತಾಲೀಮಿಗೆ ಮದುಮಗಳು ಬೇಕಲ್ಲ? ಪದ್ಮಾ ನಕ್ಕು ಒಳಗೆ ಓಡಿದಳು. "ಎಮ್ಮಿ ನಡಸ್ಕೋ ಹೋಗಪಾ!" ಎಂದು ಬಾಗಿಲ ಹಿಂದಿನಿಂದ ಕೂಗಿದಳು. ಕಾಕಾ ಅದನ್ನು ಸಲಹೆಯೆಂದೇ ತೆಗೆದುಕೊಂಡರು. ಎಮ್ಮೆಯ ಹಣೆಗೆ ಕುಂಕುಮ ಹಚ್ಚಿ, ಕೊಟ್ಟಿಗೆಯಿಂದ ಗಂಭೀರವಾಗಿ ಹೊರಡಿಸಲಾಯಿತು. "ಬರ್ಲಿ… ಬರ್ಲಿ…" ಎಂದೆ ನಾನು. "ಇಲ್ಲಿ ನೋಡವಾ, ಇಲ್ಲಿ ನೋಡು," ಎಂದರು ಕಾಕಾ ಎಮ್ಮೆಗೆ. ಎಮ್ಮೆ ನೋಡಿತು. ಫ್ಲ್ಯಾಶ್ ಹೊಡೆಯಿತು. ಮದುಮಗಳು ಬಾಲ ಎತ್ತಿ ನಮ್ಮ ಮೇಲೆಯೇ ಓಡಿ ಬಂದಳು!

ತಿಪ್ಪೆಯಿಂದ ಎದ್ದ ಮೇಲೆ ಕಾಕಾ ಕೇಳಿದರು: "ಬೆಲ್ಟ್ ಯಾಕ ಬಿಟ್ಟಿ?"

"ನಂಗೂ ಜೀವ ಐತ್ರಿ ಕಾಕಾ."

ಇಷ್ಟೆಲ್ಲವನ್ನೂ ನಾನು ಆಮೇಲೆ ಕಟ್ಟೆಯ ಮೇಲೆ ಕೂತವರಿಗೆ ಅಭಿನಯಿಸಿ ತೋರಿಸಿ ಚಹಾ ಸಂಪಾದಿಸಿದ್ದೇನೆ. ಒಂದು ಸಂಗತಿ ಮಾತ್ರ ನನ್ನ ನಕಲಿಗೆ ಸಿಗಲಿಲ್ಲ. ಲಗ್ನ ಗೊತ್ತಾದ ದಿನದಿಂದ ಕಾಕಾ ಮಗಳ ಎದುರು ಕೂತು ಊಟ ಮಾಡುವುದನ್ನು ಬಿಟ್ಟಿದ್ದರು. ಅವಳು ತಾಟು ತಂದಿಟ್ಟರೆ ಗೋಡೆ ನೋಡುತ್ತ ಉಣ್ಣುತ್ತಿದ್ದರು. ಅವಳು ಮಾತಾಡಿಸಿದರೆ ಕ್ಯಾಮೆರಾ ಒರೆಸುತ್ತಿದ್ದರು. "ಅಪ್ಪಗ ಏನಾಗೇತಿ?" ಎಂದು ಅವಳು ನನ್ನನ್ನು ಕೇಳಿದಳು. "ಫೋಟೋಗ್ರಾಫರ್ ಆಗ್ಯಾನ," ಎಂದೆ.

ಲಗ್ನದ ದಿನ ಅಥಣಿಯ ಮಂಗಲ ಕಾರ್ಯಾಲಯದಲ್ಲಿ ಕಾಕಾ ರೇಷ್ಮೆ ಧೋತರ, ಅದರ ಮೇಲೆ ಕಾರ್ಖಾನೆಯ ಚರ್ಮದ ಬೆಲ್ಟು, ತಲೆಗೆ ಪಟಗ, ಕೊರಳಿಗೆ ಕ್ಯಾಮೆರಾ. ಸಾಂಗಲಿಯ ಫೋಟೋಗ್ರಾಫರ್ ತರುಣ, ಕಪ್ಪು ಕನ್ನಡಕದವನು. ಬೆಲ್ಟು ನೋಡಿ ಇವರನ್ನು ಅಡುಗೆಯ ಕಂತ್ರಾಟದಾರನೆಂದು ತಿಳಿದು, "ಕಾಕಾ, ಜೇವಣ ಕಧೀ?" ಎಂದು ಊಟದ ವೇಳೆ ವಿಚಾರಿಸಿದ. ಆಮೇಲೆ ಸ್ಟೇಜಿನ ಮೇಲೆ ಇಬ್ಬರೂ ಒಂದೇ ಜಾಗಕ್ಕೆ ನುಗ್ಗತೊಡಗಿದಾಗ ಅವನ ತಾಳ್ಮೆ ಕೆಟ್ಟಿತು.

"ಅಹೋ ಕಾಕಾ, ಬಾಜೂಲಾ ವ್ಹಾ ನಾ!"

"ನೀನs ಬಾಜೂಕ ಸರಿ. ಮಗಳ ನಂದು!"

ಅಕ್ಕಿಕಾಳು ಬೀಳುವ ಹೊತ್ತಿಗೆ ಕಾಕಾ ಪದ್ಮಾಳ ಕಣ್ಣಿಗೇ ನೇರ ಫ್ಲ್ಯಾಶ್ ಹೊಡೆದರು. ಪಾಪ, ಅವಳು ಹಾರವನ್ನು ವರನಿಗೆ ಹಾಕುವ ಬದಲು ಪಕ್ಕದಲ್ಲಿದ್ದ ವರನ ಗೆಳೆಯನತ್ತ ಚಾಚಿದಳು. ಕನ್ಯಾದಾನದಲ್ಲಿ ಭಟ್ಟರು ಕ್ಯಾಮೆರಾ ಇಳಿಸಲು ಹೇಳಿದರು. ಇಳಿಸಲಿಲ್ಲ. ಒಂದು ಕೈಯಲ್ಲಿ ಧಾರೆ, ಒಂದು ಕೈಯಲ್ಲಿ ಕ್ಲಿಕ್. ಆ ಫೋಟೋ ಅಲ್ಬಮ್ಮಿನಲ್ಲಿದೆ: ಒಂದು ತಂಬಿಗೆ, ಒಂದು ಹೆಬ್ಬೆರಳು, ಮತ್ತು ಭಟ್ಟರ ಸಿಟ್ಟು. ಕಾಕೂ ಹಲ್ಲು ಕಚ್ಚಿ, "ಒಮ್ಮೆರ ಆಕೀಗಿ ಅಪ್ಪನಂಗ ಕಾಣ್ರಿ," ಎಂದಳು. ಕಾಕಾ ರೀಲು ತಿರುವಿದರು.

ಇಳಿಹೊತ್ತಿಗೆ ಹೆಣ್ಣು ಒಪ್ಪಿಸುವ ವೇಳೆ ಬಂತು. ಬೇಸಿಗೆಯಿಡೀ ತಾಲೀಮು ಮಾಡಿದ ನಡಿಗೆ ಇದೇ: ಕಾರ್ಯಾಲಯದ ಬಾಗಿಲಿನಿಂದ, ಹಂದರ ದಾಟಿ, ಬಲಗಡೆ ಹೂ ಕಟ್ಟಿ ನಿಲ್ಲಿಸಿದ ಕಾರಿನವರೆಗೆ. ನಾನು ಬೆಲ್ಟು ಹಿಡಿದೆ. ಕಾಕಾ ಕ್ಯಾಮೆರಾ ಕಣ್ಣಿಗೇರಿಸಿದರು. ಹಿಂದೆ ಪದ್ಮಾಳ ಬಿಕ್ಕು, ಕಾಕೂನ ಅಳು, ಬ್ಯಾಂಡಿನವರ ಅದಕ್ಕೂ ಜೋರಾದ ಅಳು.

"ಬರ್ಲಿ… ಬರ್ಲಿ…" ಎಂದೆ ಕಾಕಾನ ದನಿಯಲ್ಲಿ.

ಕಾಕಾ ಬಂದರು. ಎಷ್ಟು ಚಂದ ಬಂದರು! ಒಂದು ಹೆಜ್ಜೆ ತಪ್ಪಲಿಲ್ಲ, ಒಂದು ಕುರ್ಚಿ ತಾಗಲಿಲ್ಲ. "ಇಲ್ಲಿ ನೋಡವಾ," ಎನ್ನುತ್ತಿದ್ದರು, "ಇಲ್ಲಿ ನೋಡು." ಆದರೆ ಕ್ಲಿಕ್ ಎಂಬ ಸದ್ದೇ ಬರುತ್ತಿಲ್ಲ. ರೀಲು ಮುಗಿಯಿತೇನೋ ಎಂದುಕೊಂಡೆ. ಆಮೇಲೆ ನನ್ನ ಕೈಯಲ್ಲಿದ್ದ ಬೆಲ್ಟು ಅಲುಗತೊಡಗಿತು. ನಡಿಗೆಗೆ ಹಾಗೆ ಅಲುಗುವುದಿಲ್ಲ. ಎಷ್ಟು ದಿನ ಹಿಡಿದಿಲ್ಲ ನಾನು?

ಎಲ್ಲರೂ ಪದ್ಮಾಳ ಹಿಂದೆ ಬರುತ್ತಿದ್ದರು. ಅವರಿಗೆಲ್ಲ ಕಾಣುತ್ತಿದ್ದುದು ಅವಳ ಬೆನ್ನು. ಮುಖ ಕಾಣುತ್ತಿದ್ದುದು ಹಿಂದಕ್ಕೆ ನಡೆಯುತ್ತಿದ್ದ ಒಬ್ಬರಿಗೇ. ಕಾರು ಬಲಗಡೆ ಹತ್ತಿರವೇ ಇತ್ತು. ಚಾಲಕ ಬಾಗಿಲು ತೆರೆದು ನಿಂತಿದ್ದ.

ನಾನು ಬೆಲ್ಟನ್ನು ಎಡಕ್ಕೆ ಎಳೆದೆ.

ಕಾಕಾ ಎಡಕ್ಕೆ ಹೊರಳಿದರು. ಫೋಟೋಗ್ರಾಫರ್ ಹೊರಳಿದ ಕಡೆ ಮದುಮಗಳು, ಮದುಮಗಳು ಹೊರಳಿದ ಕಡೆ ವರ, ಬೀಗರು, ಬ್ಯಾಂಡು! ಇಡೀ ದಿಬ್ಬಣ ಕಾರ್ಯಾಲಯಕ್ಕೆ ಸುತ್ತು ಹಾಕಲು ಹೊರಟಿತು. "ಗಾಡೀ ಇಕಡೇ ಆಹೇ!" ಎಂದು ಸಾಂಗಲಿಯವನು ಕಾರು ತೋರಿಸಿ ಬೊಬ್ಬೆ ಹೊಡೆದ. "ಏ ಹುಚ್ಚ್ಯಾ, ಎತ್ತ ಒಯ್ಯಾಕತ್ತೀಲೇ!" ಎಂದು ನಮ್ಮಪ್ಪ ಗದರಿದ. ನೀರಿನ ಟಾಕಿ ದಾಟಿ, ಅಡುಗೆಯ ಹಂಡೆಗಳನ್ನು ದಾಟಿ, ಪಾತ್ರೆ ತಿಕ್ಕುತ್ತಿದ್ದ ಹೆಂಗಸರು ಬೂದಿಗೈಯಲ್ಲೇ ಎದ್ದು ನಿಂತು ನೋಡುತ್ತಿರುವಾಗ, ಪದ್ಮಾ ಅಳುವಿನ ನಡುವೆಯೇ ನಕ್ಕದ್ದು ಕೇಳಿಸಿತು.

"ಅಪ್ಪಾ, ಎಲ್ಲಿ ಹೊಂಟಿ?"

"ನೀ ಬಾ. ಇಲ್ಲಿ ನೋಡಕೋತ ಬಾ."

ಆಮೇಲೆ ನನಗೊಬ್ಬನಿಗೇ ಕೇಳುವಂತೆ, ಮೆಲ್ಲಗೆ: "ಗಾಡಿ ಬಲಕ್ಕಿತ್ತಲ್ಲಲೇ?"

"ಹೌದ್ರಿ ಕಾಕಾ."

ಟ್ರೇಲರುಗಳ ಅಂಗುಲಂಗುಲ ಬಲ್ಲ ಮನುಷ್ಯ. ಬೈಯುತ್ತಾರೆಂದುಕೊಂಡೆ.

"ಸಾವಕಾಶ ನಡಿ," ಎಂದರು.

ಸಾವಕಾಶವೇ ನಡೆದೆ. ಆದರೂ ಕಾರ್ಯಾಲಯಕ್ಕೆ ಹಿಂಭಾಗ ಇರುವುದು ಒಂದೇ. ಅದನ್ನು ಸುತ್ತಿ ಬಂದರೆ ಮತ್ತೆ ಅದೇ ಕಾರು, ಅದೇ ತೆರೆದ ಬಾಗಿಲು. ಇನ್ನು ಹೇಳಲೇಬೇಕಿತ್ತು. ಬೇಸಿಗೆಯಿಡೀ ಕಾಕಾನ ದನಿಯಲ್ಲೇ ಹೇಳಿದ ಮಾತು ಅದು. ಗಂಟಲನ್ನು ಗಾಣಕ್ಕೆ ಕೊಟ್ಟೆ, ಎದೆ ಮುಂದೆ ಮಾಡಿದೆ.

"ಸಾಕ್ರಿ ಕಾಕಾ," ಎಂದೆ.

ಬಂದದ್ದು ನನ್ನ ದನಿ.