ಕರಿ ಪರದೆಯ ಮೇಲೆ ಬೀಗರ ಊಟ

ಇಮೇಲ್ ಓದಿದರೆ ಕಂಪ್ಯೂಟರಿನ ಟರ್ಮಿನಲ್‌ನಲ್ಲೇ ಓದುವುದು, ಇಲ್ಲವಾದರೆ ಓದುವುದೇ ಇಲ್ಲ! ಹೀಗೆಂದು ನಾನು, ಸೋಂಪುರದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದ ಅಶೋಕ, ಭೀಷ್ಮಪ್ರತಿಜ್ಞೆ ಮಾಡಿದ್ದೆ. ಕರಿ ಪರದೆ, ಬಿಳಿ ಅಕ್ಷರ, ಅಷ್ಟೇ. ಫೋನಿನಲ್ಲಿ ಮೇಲ್ ನೋಡುವವರನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಹೆಂಡತಿ ಪ್ರಮೋದಾಳ ಚಿಕ್ಕಪ್ಪನ ಮಗ, ಮೊನ್ನೆಯಷ್ಟೇ ಮದುವೆಯಾದ ಸುನಿಲ್‌ಕುಮಾರ್, "ಭಾವ, ಬೀಗರ ಊಟದ ಇನ್ವಿಟೇಷನ್ನು ಅಕ್ಕನ ಫೋನಿಗೆ ಹಾಕ್ಲಾ?" ಎಂದಾಗಲೂ "ನಂಗೆ ಮೇಲ್ ಮಾಡಪ್ಪಾ" ಎಂದು ಗತ್ತು ತೋರಿಸಿದೆ.

ಬಂತು ಮೇಲ್. ಬಣ್ಣ, ಚಿತ್ತಾರ ತುಂಬಿದ ಎಚ್‌ಟಿಎಂಎಲ್ ಮೇಲ್! ತೆರೆದರೆ ಪರದೆ ತುಂಬಾ ಕೋಡುಗಳ ಕಿಚಡಿ. 'ಬೀಗರ' ಒಂದು ಮೂಲೆಯಲ್ಲಿ, 'ಊಟ' ಇನ್ನೊಂದು ಮೂಲೆಯಲ್ಲಿ.

"ರೀ, ಯಾವತ್ತಂತೆ?"

"ಇರು, ಕಾನ್ಫಿಗರ್ ಮಾಡ್ತಿದ್ದೀನಿ."

"ಮದ್ವೆಗೆ ನಾವು ಹೋಗೋ ಹೊತ್ಗೆ ಎಲೆ ಎತ್ತಿದ್ರು. ಚಿಕ್ಕಮ್ಮ ಎಲ್ರ ಮುಂದೆ ಆಡ್ಕೊಂಡ್ರು. ಈ ಸಲ ನಾವೇ ಮೊದ್ಲು ಹೋಗ್ಬೇಕು. ಇಲ್ದಿದ್ರೆ ತವರಿನ ಕಡೆ ತಲೆ ಎತ್ತೋ ಹಂಗಿಲ್ಲ. ಸುನಿಲಂಗೆ ಫೋನ್ ಮಾಡ್ಲಾ?"

"ಬೇಡ! ನನ್ನ ಮರ್ಯಾದೆ ಪ್ರಶ್ನೆ!"

'ಎಚ್‌ಟಿಎಂಎಲ್ ಬಂದರೆ ಬರೀ ಅಕ್ಷರ ಸೋಸಿ ಕೊಡು' ಎಂದು ಕಂಪ್ಯೂಟರಿಗೆ ಅಪ್ಪಣೆ ಬರೆದೆ. ಮೊದಲು ಪರದೆ ಪೂರ್ತಿ ಖಾಲಿ. ಆಮೇಲೆ ಕನ್ನಡವೆಲ್ಲ ಪ್ರಶ್ನೆಚಿಹ್ನೆ! ಅಷ್ಟರಲ್ಲಿ ನೋಡಿಕೊಳ್ಳಲು ಹೇಳಿದ್ದ ಹಾಲು ಉಕ್ಕಿ ಒಲೆ ಆರಿತು. ಕಡೆಗೂ ಮುತ್ತಿನಂಥ ಅಕ್ಷರ ಮೂಡಿತು: "ಬೀಗರ ಊಟ, ಭಾನುವಾರ ಬುಧವಾರ, ಮಧ್ಯಾಹ್ನ, ಸಮುದಾಯ ಭವನ."

"ಎರಡು ದಿನ ಊಟ ಕಣೇ!"

"ಎರಡು ದಿನ ಯಾರ್ರೀ ಬೀಗರ ಊಟ ಹಾಕ್ತಾರೆ?"

"ನಿಮ್ಮ ಸುನಿಲನ ಕೈ ದೊಡ್ಡದು. ಕಂಪ್ಯೂಟರ್ ಸುಳ್ಳು ಹೇಳಲ್ಲ!"

ಭಾನುವಾರ ಅವಳು ರೇಷ್ಮೆ ಸೀರೆ ಉಟ್ಟಳು. ನಾನು ಮಟನ್ನಿಗೆ ಜಾಗವಿರಲೆಂದು ತಿಂಡಿ ಬಿಟ್ಟೆ. ಹೈವೇ ಲಾರಿಗಳ ಸಂದಿಯಲ್ಲಿ ಸ್ಕೂಟರ್ ನುಗ್ಗಿಸಿ ಭವನ ಮುಟ್ಟಿದರೆ, ಒಲೆಯ ಮೇಲೆ ಕೊಪ್ಪರಿಗೆ ಕುದಿಯುತ್ತಿದೆ. ನಮ್ಮವರು ಒಬ್ಬರೂ ಇಲ್ಲ.

"ನೋಡ್ದಾ? ನಾವೇ ಮೊದ್ಲು!"

ಬಾಗಿಲಲ್ಲಿ ತಲೆ ಬೋಳಿಸಿಕೊಂಡ ಒಬ್ಬರು ನಿಂತಿದ್ದರು. ಹುಡುಗಿ ಕಡೆಯವರು, ತಿರುಪತಿಗೆ ಹೋಗಿ ಬಂದಿರಬೇಕೆಂದು ಕೈ ಕುಲುಕಿದೆ.

"ಬಹಳ ಸಂತೋಷ! ಒಂದು ಜವಾಬ್ದಾರಿ ಕಳ್ಕೊಂಡ್ರಿ. ನಾವೇ ಮೊದ್ಲು ಅಲ್ವಾ?"

"ಇಲ್ಲ ಸಾರ್," ಎಂದರು ಅವರು. "ನಮ್ಮಪ್ಪ ಮೊದ್ಲು ಹೋದ್ರು."

ಹಿಂದೆ ಹಾರ ಹಾಕಿದ ಫೋಟೊ! ಅದು ತಿಥಿ! ಪಾಪ, ಆ ಪುಣ್ಯಾತ್ಮರು "ಬಂದಿದ್ದೀರಿ, ಊಟ ಮಾಡ್ಕೊಂಡು ಹೋಗಿ" ಎಂದರು. ಮಸಾಲೆ ವಾಸನೆಗೆ ನನ್ನ ಕಾಲು ಒಳಗೇ ಎಳೆಯುತ್ತಿತ್ತು. ಪ್ರಮೋದಾ ಅಂಗಿ ಹಿಡಿದು ಹೊರಗೆಳೆದಳು. ಸುನಿಲನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ತಿಥಿಗೆ ಬಂದ ಕಥೆ ಹೇಳಿದಳು.

"ಅಯ್ಯೋ ಅಕ್ಕಾ, ಭಾನುವಾರ ಭವನ ಸಿಗ್ಲಿಲ್ಲ," ಎಂದ ಸುನಿಲ್. "ಅದಕ್ಕೇ ಭಾನುವಾರದ ಮೇಲೆ ಗೀಟು ಎಳೆದು ಪಕ್ಕದಲ್ಲಿ ಬುಧವಾರ ಅಂತ ಹಾಕಿದ್ನಲ್ಲ!"

ನಾನು ಸೋಸಿದ ಸೋಸುವಿಕೆಯಲ್ಲಿ ಗೀಟೂ ಸೋಸಿ ಹೋಗಿತ್ತು. ಫೋನಿನಲ್ಲಿ ಅವನ ಹಿಂದಿನಿಂದ ಚಿಕ್ಕಮ್ಮ ಮುನಿರತ್ನಮ್ಮನವರ ಗಂಟಲು ಕೇಳಿಸಿತು: "ಮದ್ವೆಗೆ ಲೇಟು, ತಿಥಿಗೆ ಕರೆಕ್ಟ್ ಟೈಮಾ?" ಪ್ರಮೋದಾಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಬುಧವಾರ ಹೊರಡುವಾಗ ಮುಯ್ಯಿಯ ಕವರ್ ಮೇಲೆ ಅವಳು "ಪ್ರಮೋದಾ, ಅಶೋಕ" ಎಂದು ಬರೆದಳು. ನನ್ನ ಮುಖವನ್ನೊಮ್ಮೆ ನೋಡಿದಳು. ಪೆನ್ನು ಒತ್ತಿ ನನ್ನ ಹೆಸರಿನ ಮೇಲೆ ಉದ್ದಕ್ಕೆ ಎಳೆದಳು.

"ಈ ಗೀಟಾದ್ರೂ ಕಾಣ್ತದಾ?"

ಕಂಡಿತು. ಯಾವ ಕಾನ್ಫಿಗರೂ ಇಲ್ಲದೆ ಕಂಡಿತು!