ಮುರಿದ ಕೋವಿಯ ರಹದಾರಿ

೧. ಓಡಿದವರ ದಿಕ್ಕು

"ಅಣ್ಣಾ, ಹಿರೋಡೆಗೆ ಇದೇ ದಾರಿನಾ?"

ರಾಗಿ ಹೊಲದ ಕಾವಲು ಅಟ್ಟಣೆ ಮೇಲೆ ಕೂತಿದ್ದವನು ಮೊದಲು ನನ್ನನ್ನು ನೋಡಿದ, ಆಮೇಲೆ ನನ್ನ ಹೆಗಲ ಮೇಲಿದ್ದ ಕೋವಿಯನ್ನು ನೋಡಿದ, ಆಮೇಲೆ ಸದ್ದಿಲ್ಲದೆ ಏಣಿಯನ್ನು ಮೇಲಕ್ಕೆ ಎಳೆದುಕೊಂಡ.

"ದಾರಿ ಇದೇ ಕಣವ್ವಾ," ಎಂದ, ಏಣಿ ಭದ್ರವಾದ ಮೇಲೆ. "ಆದ್ರೆ ನೀನು ಹಿರೋಡೆಗೆ ಬೆನ್ನು ಹಾಕ್ಕಂಡು ನಡೀತಿದ್ದೀಯ. ಇಂಗೇ ಹೋದ್ರೆ ಅತ್ತಿಕುಪ್ಪೆ ಸಿಕ್ತದೆ."

ರಾಮೇಶ್ವರ ನೋಡಿದವಳು ನಾನು, ಮಲಬಾರಿನ ಕಡಲು ನೋಡಿದವಳು, ಪೂನಾದ ಪೇಟೆಯಲ್ಲಿ ಚೌಕಾಸಿ ಮಾಡಿ ಸೀರೆ ತಂದವಳು. ಹುಟ್ಟಿದ ನಾಗಮಂಗಲದಿಂದ ಎರಡು ದಿನದ ದಾರಿಯಲ್ಲಿ ಕಳೆದುಹೋಗಿದ್ದೆ. ಹೆಂಗಸಿನ ಹೆಗಲ ಮೇಲೆ ಕೋವಿ ಇದ್ದರೆ ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಎದುರಿಗೆ ಬಂದು "ಚೀಟಿ ಎಲ್ಲಿ?" ಎನ್ನುತ್ತವೆ.

ಕೋವಿ ನನ್ನದಲ್ಲ. ಅರಕೆರೆಯ ಕಂದಾಚಾರದವನೊಬ್ಬನದು. ಸರ್ಕಾರ ಕರೆದಾಗ ಕೋವಿ ಹಿಡಿದು ಹೋಗುವುದು ಅವನ ಕೆಲಸ. ಅದಕ್ಕೆ ಬದಲಾಗಿ ಕಂದಾಯವಿಲ್ಲದ ಒಂದು ತುಂಡು ಗದ್ದೆ. ಒಮ್ಮೆ ಕಬ್ಬಿಗೆ ನುಗ್ಗಿದ ಹಂದಿಗೆ ಗುರಿಯಿಟ್ಟಿದ್ದಾನೆ, ಕೋವಿ ಹಾರಲಿಲ್ಲ. ಸಿಟ್ಟಿನಲ್ಲಿ ಅದನ್ನೇ ತಿರುಗಿಸಿ ಹಿಡಿದು ಹಂದಿಗೆ ಬಾರಿಸಿದ್ದಾನೆ. ಕೋವಿಯ ಹಿಡಿ ಮುರಿಯಿತು, ಇವನ ಕಾಲು ಮುರಿಯಿತು, ಹಂದಿ ಮಾತ್ರ ಕ್ಷೇಮವಾಗಿ ಮನೆಗೆ ಹೋಯಿತು.

ಅವನ ಹೆಂಡತಿಯ ಋಣ ನನ್ನ ಮೇಲಿತ್ತು. ಹಿಂದಿನ ವರ್ಷ ಚಳಿಜ್ವರ ನನ್ನನ್ನು ಅರಕೆರೆಯಲ್ಲಿ ಕೆಡವಿದಾಗ, ಯಾವ ಊರವಳೋ ಏನೋ ಎನ್ನದೆ ತನ್ನ ಚಾಪೆಯನ್ನೇ ಬಿಟ್ಟುಕೊಟ್ಟು, ನಾನು ಎದ್ದು ಓಡಾಡುವ ತನಕ ನೋಡಿಕೊಂಡವಳು. ಹೊರಡುವಾಗ ಕಾಲುಂಗುರ ಬಿಚ್ಚಿ ಕೊಡಹೋದರೆ, "ಗಂಜಿ ಮಾರಕ್ಕೆ ನಾನೇನ್ ಅಂಗ್ಡಿ ಇಟ್ಟಿದ್ದೀನಾ?" ಎಂದು ಬೈದಿದ್ದಳು. ಈಗ ಹುಣ್ಣಿಮೆ ಮಾರನೆಯ ದಿನ ಹಾಜರಿ. ಹಾರುವ ಕೋವಿ ತೋರಿಸದಿದ್ದರೆ ಗದ್ದೆ ಹೋಗುತ್ತದೆ. ನಮ್ಮಣ್ಣ ನಾಗಮಂಗಲದಲ್ಲಿ ಕಮ್ಮಾರಿಕೆ ಮಾಡುವ ಆಚಾರಿ. "ನಾನು ಮಾಡಿಸಿ ತರ್ತೀನಿ" ಎಂದು ಹೊತ್ತುಕೊಂಡು ಬಂದಿದ್ದೆ. ಈಗ ತಿರುಗಿ ಒಯ್ಯುತ್ತಿದ್ದೆ. ಉಳಿದದ್ದು ಎರಡೇ ದಿನ.

ದಾರಿ ತಪ್ಪಿದ್ದು ಹೇಗೆ ಎನ್ನುತ್ತೀರಾ? ಅಟ್ಟಣೆಯವನಿಗಿಂತ ಮುಂಚೆ ಮೂರು ಜನರನ್ನು ಕೇಳಿದ್ದೆ. ಕೋವಿ ಕಂಡು ಮೂವರೂ ಒಂದೇ ದಿಕ್ಕಿಗೆ ಓಡಿದರು. ಅದೇ ಉತ್ತರವಿರಬೇಕು ಎಂದುಕೊಂಡು ಅವರ ಹಿಂದೆಯೇ ನಡೆದಿದ್ದೆ.

೨. ಮುರಿದರೆ ಹೋಗಬಹುದು

ಹಿರೋಡೆಯ ಚೌಕಿಯಲ್ಲಿ ಕಾವಲಿನವನು ಅಡ್ಡ ಬಂದ. "ಕೋವಿಗೆ ರಹದಾರಿ ಐತಾ?"

ಇತ್ತು. ಊರು ಬಿಟ್ಟು ಕೋವಿ ಒಯ್ಯುವವರಿಗೆಂದು ರಾಜಧಾನಿಯಾದ ಪಟ್ಟಣದ ಕಚೇರಿಯಲ್ಲಿ ಪಾರ್ಸಿಯಲ್ಲಿ ಬರೆದು ಮೊಹರು ಹಾಕಿ ಕೊಟ್ಟಿದ್ದರು. ಕಾವಲಿನವನಿಗೆ ಪಾರ್ಸಿ ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಒಳಗೆ ಮಲಗಿದ್ದ ಮುನ್ಷಿಯನ್ನು ಎಬ್ಬಿಸಿದ. ಮುನ್ಷಿ ಕಣ್ಣುಜ್ಜಿಕೊಂಡು ಓದಿದ: "ಕೋವಿ ಒಂದು. ಹಿಡಿ ಎರಡು ತುಂಡು. ಹಾರುವುದಿಲ್ಲ."

ಕಾವಲಿನವನು ಕೋವಿಯನ್ನು ಮೇಲಿಂದ ಕೆಳಗೆ ಸವರಿ ನೋಡಿದ. "ಇದು ಆ ಕೋವಿ ಅಲ್ವಲ್ಲಾ! ಇದರ ಹಿಡಿ ಗಟ್ಟಿಯಾಗೈತೆ."

"ದುರಸ್ತಿಗೆ ಅಂತಲೇ ಒಯ್ದಿದ್ದಪ್ಪಾ. ದುರಸ್ತಿ ಆಗಿದೆ."

"ಆಗಿದೆ ಅಂತ ಎಲ್ಲಿ ಬರ್ದೈತೆ?"

ಎಲ್ಲೂ ಬರೆದಿರಲಿಲ್ಲ. ಆ ಕ್ಷಣಕ್ಕೆ ಅಣ್ಣನ ಮೇಲೆ ಸಿಟ್ಟು ಬಂತು. ಒಂದಿಷ್ಟು ಕೆಟ್ಟದಾಗಿ ಕೆಲಸ ಮಾಡಿದ್ದರೆ ಏನು ಹೋಗುತ್ತಿತ್ತು ಅವನ ಗಂಟು?

ಕಾವಲಿನವನು ಬಹಳ ಯೋಚನೆ ಮಾಡಿ ಒಂದು ಉಪಾಯ ಹೇಳಿದ. "ಒಂದ್ ಕೆಲ್ಸ ಮಾಡವ್ವ. ಇಲ್ಲೇ ಮುರ್ದುಬುಡು. ಆಗ ಚೀಟಿಗೂ ಕೋವಿಗೂ ಸರಿ ಓಯ್ತದೆ. ಆರಾಮಾಗಿ ಹೋಗು."

ನಾನು ಕೋವಿಯನ್ನು ಅವನ ಕೈಗೇ ಇಟ್ಟೆ. "ನೀನೇ ಮುರಿಯಪ್ಪಾ. ಆದರೆ ಕಂದಾಚಾರದ ಕೋವಿಯನ್ನು ಮುರಿದವನು ನೀನೇ ಅಂತ ನಿನ್ನ ಹೆಸರಲ್ಲಿ ಒಂದು ಚೀಟಿ ಬರೆಸಿಕೊಡು."

ಮುನ್ಷಿ ಉತ್ಸಾಹದಿಂದ ಲೇಖನಿ ಎತ್ತಿಕೊಂಡ. ಕಾವಲಿನವನು ಕೆಂಡ ಹಿಡಿದವನ ಹಾಗೆ ಕೋವಿಯನ್ನು ನನ್ನ ಹೆಗಲಿಗೆ ಹಾಕಿ, ಹಿರೋಡೆಯ ಗಡಿಯ ತನಕ ತಾನೇ ಬಂದು ದಾರಿ ತೋರಿಸಿ ಹೋದ.

೩. ಕೇಳುವವನ ಚೀಟಿ

ಕಿರಂಗೂರಿನ ಚೌಕಿಯಲ್ಲಿ ನನಗಿಂತ ಮುಂಚೆ ಒಬ್ಬ ಗೌಡ ಸಿಕ್ಕಿಬಿದ್ದಿದ್ದ. ತಾತನ ಕಾಲದ ಕೋವಿ, ತಾತನ ಕಾಲದ ಮೀಸೆ. ಕಾವಲಿಗೆ ಇಬ್ಬರು, ಒಬ್ಬ ಹಳಬ, ಇನ್ನೊಬ್ಬ ಆ ವಾರವಷ್ಟೇ ಸೇರಿದವನು.

"ಗೌಡ್ರೆ, ಕೋವಿ ಚೀಟಿ ತೋರ್ಸಿ," ಎಂದ ಹಳಬ.

"ಕೇಳಕ್ಕೆ ನೀನ್ಯಾರ್ಲಾ?"

"ಸರ್ಕಾರದ ಅಪ್ಪಣೆ. ಕೋವಿ ಹೊತ್ತೋರು ಯಾರೇ ಬಂದ್ರೂ ಕೇಳ್ಬೇಕು."

"ಯಾರೇ ಬಂದ್ರೂ?"

"ಯಾರೇ ಬಂದ್ರೂ."

ಗೌಡ ಊರುಗೋಲಿನಿಂದ ಅವನ ಹೆಗಲನ್ನು ತೋರಿಸಿದ. "ಅಂಗಾರೆ ನಿನ್ ಎಗಲ ಮ್ಯಾಲೆ ಇರಾದೇನ್ಲಾ, ಒನಕೆನಾ? ನಿನ್ ಚೀಟಿ ಎಲ್ಲಿ?"

ಹಳಬ ನಕ್ಕ. ಹೊಸಬ ನಗಲಿಲ್ಲ. ಅವನು ನಿಯತ್ತಿನ ಮನುಷ್ಯ, ಅಪ್ಪಣೆಯನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡವನ ಹಾಗೆ ತುಟಿ ಆಡಿಸಿ, "ಅದೂ ದಿಟವೇಯ. ಅಣ್ಣಾ, ನಿನ್ ಚೀಟಿ ತೋರ್ಸು," ಎಂದ.

"ಲೇ, ನಾನು ಕಾವಲಿನವನು ಕಣ್ಲಾ!"

"ಯಾರೇ ಬಂದ್ರೂ ಅಂತ ನೀನೇ ಅಂದೆಯಲ್ಲಾ."

"ನಿಂದು ಎಲ್ಲಿ, ಮೊದ್ಲು ತೋರ್ಸು!"

ಇಬ್ಬರ ಹತ್ತಿರವೂ ಚೀಟಿ ಇರಲಿಲ್ಲ. ನೋಡನೋಡುತ್ತಿದ್ದ ಹಾಗೆ ಹೊಸಬ ಹಳಬನ ಕೋವಿ ಜಪ್ತಿ ಮಾಡಿದ, ಹಳಬ ಹೊಸಬನದನ್ನು ಕಿತ್ತುಕೊಂಡ. ಈಗ ಇಬ್ಬರ ಕೈಯಲ್ಲೂ ಬೇರೆಯವನ ಕೋವಿ, ಅದಕ್ಕೂ ಚೀಟಿ ಇಲ್ಲ. ಮತ್ತೆ ಮೊದಲಿಂದ ಶುರುವಾಯಿತು.

ಗೌಡನೂ ನಾನೂ ಅವರ ನಡುವೆಯೇ ನಡೆದು ಆಚೆ ಬಂದೆವು. "ಪಾಪ, ಕೆಟ್ಟೋರಲ್ಲ ಕಣವ್ವಾ," ಎಂದ ಗೌಡ, ಮೀಸೆ ತೀಡುತ್ತಾ. "ಸಾಯಂಕಾಲದ ಒತ್ಗೆ ಒಬ್ಬರನ್ನೊಬ್ರು ಹಿಡ್ಕಂಡು ಪಟ್ಣಕ್ಕೆ ಬತ್ತಾರೆ."

೪. ಶತ್ರುವಿನ ದಂಡಿಗೆ

ಪಟ್ಟಣದ ಕೋಟೆ ಬಾಗಿಲಿನ ಹವಾಲ್ದಾರನಿಗೆ ಪಾರ್ಸಿ ಬರುತ್ತಿತ್ತು. ನನ್ನ ಗ್ರಹಚಾರ. ಮಾರನೆಯ ಬೆಳಿಗ್ಗೆಯೇ ಅರಕೆರೆಯಲ್ಲಿ ಹಾಜರಿ.

"ಅರೆ ಅಮ್ಮಾ, ಕಾಗದದಲ್ಲಿ ಕೋವಿ ಮುರಿದಿದೆ, ಕೈಯಲ್ಲಿ ಚೆನ್ನಾಗಿದೆ. ಯಾವುದು ಸಚ್?"

"ಎರಡೂ ಸಚ್, ಸಾಬ್. ಅದು ಹೋಗುವಾಗ, ಇದು ಬರುವಾಗ."

"ಚೆನ್ನಾಗಿರೋ ಕೋವಿಗೆ ಬೇರೆ ರಹದಾರಿ ಬೇಕು. ಅರ್ಜಿ ಕೊಡು. ಹತ್ತು ದಿನ ಆಗುತ್ತೆ."

ಹತ್ತು ದಿನದ ಹೊತ್ತಿಗೆ ಅರಕೆರೆಯ ಗದ್ದೆಯಲ್ಲಿ ಬೇರೆ ಯಾರೋ ಉಳುತ್ತಿರುತ್ತಾರೆ. ನಾನು ಬಾಗಿಲಲ್ಲೇ ಕಾಲು ಚಾಚಿ ಕೂತೆ. ಆಚಾರಿಯ ಮನೆಯಲ್ಲಿ ಹುಟ್ಟಿದ್ದಕ್ಕೆ ಅಷ್ಟಾದರೂ ಬೇಡವೇ? ಸೊಂಟದ ಚೂರಿ ತೆಗೆದು ಮೊಳೆ ಕಿತ್ತೆ, ಪಟ್ಟಿ ಸಡಿಲಿಸಿದೆ, ಬತ್ತಿ ಬೀಳಿಸುವ ಕೀಲು ಬಿಚ್ಚಿದೆ, ನಳಿಗೆಯನ್ನೂ ಹಿಡಿಯನ್ನೂ ಬೇರೆ ಮಾಡಿ, ಎಲ್ಲವನ್ನೂ ಹಳೆ ಸೀರೆಯಲ್ಲಿ ಗಂಟು ಕಟ್ಟಿ ಅವನ ಮುಂದಿಟ್ಟೆ.

"ಈಗ ನೋಡಿ ಸಾಬ್. ತುಂಡಾಗಿದೆ. ಹಾರುವುದಿಲ್ಲ. ಕಾಗದದಲ್ಲಿ ಇರೋ ಹಾಗೇ ಇದೆ."

ಹವಾಲ್ದಾರ ಕಾಗದ ನೋಡಿದ, ಗಂಟು ನೋಡಿದ, ಹೊಟ್ಟೆ ಕುಲುಕಿಸಿ ನಕ್ಕ. "ಕೋವಿ ದುರಸ್ತಿಗೆ ಎಷ್ಟು ದಿನ ಹಿಡೀತು?"

"ಎಂಟು ದಿನ."

"ಬಿಚ್ಚೋಕೆ ಎಲೆಅಡಿಕೆ ಹಾಕ್ಕೊಳ್ಳೋಷ್ಟು ಹೊತ್ತೂ ಹಿಡೀಲಿಲ್ಲ. ಹೋಗಮ್ಮಾ, ಹೋಗು. ನಿನ್ನಂಥವರನ್ನ ಇಲ್ಲಿ ನಿಲ್ಲಿಸ್ಕೋಬಾರದು, ಶತ್ರುಗಳ ದಂಡಿಗೆ ಕಳಿಸಬೇಕು."

೫. ಹಾರಿತು

ಅರಕೆರೆಯ ಅರಳಿಕಟ್ಟೆಯ ಮೇಲೆ ಅಮಲ್ದಾರ ಕೂತಿದ್ದ. ನಾನು ಕೋವಿ ಜೋಡಿಸಿ ಮುಗಿಸುವುದಕ್ಕೂ ಗಂಜಿ ಕೊಟ್ಟ ಗೆಳತಿಯ ಗಂಡನ ಸರದಿ ಬರುವುದಕ್ಕೂ ಸರಿಹೋಯಿತು. ಅವನು ಕುಂಟುತ್ತಾ ಹೋಗಿ ಮದ್ದು ತುಂಬಿ ನಿಂತ.

ಅಮಲ್ದಾರ ಕೋವಿಯ ಕಡೆ ತಿರುಗಿಯೂ ನೋಡಲಿಲ್ಲ. "ರಹದಾರಿ?" ಎಂದ. ಓದಿದ. "ಹಾರುವುದಿಲ್ಲ ಅಂತಿದೆಯಲ್ಲ. ಹಾರದ ಕೋವಿಗೆ ಗದ್ದೆ ಯಾಕೆ? ಜಪ್ತಿ ಅಂತ ಬರ್ಕೊಳ್ಳಿ."

ಗೆಳತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಜನರನ್ನು ಸರಿಸಿ ಮುಂದೆ ಬಂದೆ.

"ಬುದ್ಧೀ, ಖಂಡಿತ ಹಾರುವುದಿಲ್ಲವೇ?"

"ಮೊಹರು ಬಿದ್ದ ಕಾಗದ. ಅದು ಸುಳ್ಳು ಹೇಳುತ್ತಾ?"

"ಹಾಗಾದರೆ ಭಯವೇ ಇಲ್ಲ. ತಾವು ದಯಮಾಡಿ ಇದರ ಮುಂದೆ ಒಂದು ಗಳಿಗೆ ನಿಂತುಕೊಳ್ಳಿ. ಇವನು ಕೀಲು ಎಳೆಯಲಿ."

ಅಮಲ್ದಾರ ನಳಿಗೆಯ ಬಾಯಿ ನೋಡಿದ, ಹೊಗೆಯಾಡುತ್ತಿದ್ದ ಬತ್ತಿ ನೋಡಿದ. ಆಮೇಲೆ ಗುಮಾಸ್ತನ ಕೈಯಿಂದ ಲೇಖನಿ ಕಿತ್ತುಕೊಂಡು ತಾನೇ ಬರೆದ: "ದುರಸ್ತಾಗಿದೆ. ಹಾರಿಸಿ ನೋಡಲಾಯಿತು. ಹಾರಿತು. ಗದ್ದೆ ಬಹಾಲು, ಅವನಿಗೇ ಉಳಿಯತಕ್ಕದ್ದು." ಮೊಹರು ಒತ್ತಿ, ಬೆವರು ಒರೆಸಿಕೊಂಡು, "ಈಗ ಹಾರಿಸು. ಆ ಕಡೆಗೆ, ಕೆರೆ ಕಡೆಗೆ," ಎಂದ.

ಗೆಳತಿಯ ಗಂಡ ಕೆರೆ ಕಡೆ ಗುರಿಯಿಟ್ಟ. ಊರೆಲ್ಲ ಕಿವಿ ಮುಚ್ಚಿಕೊಂಡಿತು. ಕೀಲು ಎಳೆದ. ಬತ್ತಿ ಬಿತ್ತು, ಚುಸ್ ಎಂದು ಒಂದು ಎಳೆ ಹೊಗೆ ಬಂತು, ಅಷ್ಟೇ.

"ಮದ್ದು ಒದ್ದೆಯಾಗೈತೆ ಕಣಕ್ಕಾ," ಎಂದ ಅವನು, ತುಟಿ ಆಡಿಸದೆ. "ಸೂರು ಸೋರ್ತಿತ್ತು."

ಅಮಲ್ದಾರ ಕೋವಿ ನೋಡಿದ. ಮೊಹರು ಇನ್ನೂ ಆರದ ಕಾಗದ ನೋಡಿದ. ಬರೆದವನು ತಾನೇ. ಸ್ವಲ್ಪ ಹೊತ್ತು ಅವನ ಮುಖದಲ್ಲಿ ದೊಡ್ಡ ಯುದ್ಧವೇ ನಡೆಯಿತು. ಕೊನೆಗೆ ಜನರ ಕಡೆ ತಿರುಗಿ, "ಹಾರಿತು ಅಂತ ಬರೆದಾಗಿದೆ. ಯಾರಿಗಾದರೂ ಸದ್ದು ಕೇಳಿಸಲಿಲ್ಲವೋ?" ಎಂದು ಗದರಿದ.

ಮುಂದಿದ್ದ ಮುದುಕ ಕಿವಿಯಿಂದ ಕೈಯನ್ನೇ ತೆಗೆಯಲಿಲ್ಲ. "ಏನ್ ಸದ್ದು ಬುದ್ಧೀ! ಎದೆ ವಡ್ದೋಯ್ತು!"

"ನಮ್ಮೆಮ್ಮೆ ಅಗ್ಗ ಕಿತ್ಕಂಡು ಓಡೋಯ್ತು!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

ಕೊಕ್ಕರೆಗಳು ಕೆರೆಯಲ್ಲಿ ನೆಮ್ಮದಿಯಾಗಿ ಮೀನು ಹಿಡಿಯುತ್ತಿದ್ದವು.

ಜನ ಚದುರಿದ ಮೇಲೆ ಗೆಳತಿಯ ಭುಜ ಹಿಡಿದು ಹೇಳಿದೆ: "ನಿನ್ನ ಋಣ ಇವತ್ತಿಗೆ ತೀರಿತು ಕಣವ್ವಾ."

ಅವಳು ಕಣ್ಣು ಒರೆಸಿಕೊಂಡು, ಕಿವಿಯನ್ನು ನನ್ನ ಹತ್ತಿರ ತಂದಳು. "ಏನಂದೆ? ಕೋವಿ ಸದ್ದಿಗೆ ಏನೂ ಕೇಳುಸ್ತಿಲ್ಲ ಕಣಕ್ಕಾ. ಬಾ, ಕೈ ತೊಳ್ಕೊ, ಉಣ್ಣಕ್ಕೆ ಇಕ್ತೀನಿ."