ಪಾಸ್‌ವರ್ಡಣ್ಣನ ರಜೆ

ಔಷಧಿ ಗೋದಾಮಿನಲ್ಲಿ ಅವನಿಗೆ ಪಾಸ್‌ವರ್ಡಣ್ಣನೆಂದೇ ಹೆಸರು. ಸರಕಿನ ಲೆಕ್ಕವೆಲ್ಲ ಎಲ್ಲೋ ದೂರದ ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿದ ಯಂತ್ರದೊಳಗಿತ್ತು. ಅದರ ಪಾಸ್‌ವರ್ಡ್ ಅವನೊಬ್ಬನ ತಲೆಯಲ್ಲಿ ಮಾತ್ರ ನಿಲ್ಲುತ್ತಿತ್ತು. ಸ್ನಾನಕ್ಕೆ ನಿಂತರೂ ಫೋನು, ದೇವರ ಮುಂದೆ ಕಣ್ಣು ಮುಚ್ಚಿದರೂ ಫೋನು.

ಇಂದು ಸಂಜೆಯ ರೈಲಿಗೆ ಮಗಳ ಮನೆಗೆ ಹೊರಡಬೇಕು. ಮೊದಲ ಮೊಮ್ಮಗು ಹುಟ್ಟಿದೆ. "ಅಲ್ಲೂ ಆ ಫೋನ್ ಬಡ್ಕೊಂಡ್ರೆ ನಾನೊಬ್ಳೇ ಹೋಗ್ತೀನ್ರಿ," ಎಂದಿದ್ದಳು ಹೆಂಡತಿ. ಅದಕ್ಕೇ ಅವನು ಪಾಸ್‌ವರ್ಡಿನ ಬಾಗಿಲನ್ನೇ ಮುಚ್ಚಿಬಿಡೋಣವೆಂದು, ಪಾಸ್‌ವರ್ಡ್ ಕೇಳದೆ ಒಳಬಿಡುವ ಎಸ್ಸೆಸ್ಸೆಚ್ ಎಂಬ ಫೈಲು-ಕೀಲಿಕೈಗಳ ಏರ್ಪಾಡಿಗೆ ಕುಳಿತ. ಪ್ರತಿ ಕಂಪ್ಯೂಟರಿನಲ್ಲೂ ಒಂದು ಜೋಡಿ ಹುಟ್ಟಿಸಬೇಕು. ಬೀಗದಂಥದ್ದು ದೂರದ ಯಂತ್ರಕ್ಕೆ ಹೋಗುತ್ತದೆ, ಕೀಲಿಕೈಯಂಥದ್ದು ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಆಮೇಲೆ ಯಾರೂ ಯಾರನ್ನೂ ಏನೂ ಕೇಳಬೇಕಿಲ್ಲ.

"ಅಷ್ಟು ದೂರ ಬೀಗ ಒಂದೇ ಬಿದ್ದಿರುತ್ತಲ್ಲ, ಯಾರಾದ್ರೂ ಕದ್ರೆ?" ಎಂದಳು ಬಿಲ್ಲು ಬರೆಯುವ ಅಕ್ಕ.

"ಬೀಗ ಕದ್ದು ಏನಕ್ಕ ಮಾಡ್ತಾರೆ, ಕೊರಳಿಗೆ ಹಾಕ್ಕೊಂಡು ಓಡಾಡ್ತಾರಾ? ಕೀಲಿಕೈ ಮಾತ್ರ ಜೋಪಾನ. ಈಮೇಲಲ್ಲೂ ಬೇಡ, ಫೋನಲ್ಲೂ ಬೇಡ. ಪ್ರಾಣ ಹೋದ್ರೂ ಕಳಿಸ್ಬೇಡಿ."

ಉಗ್ರಾಣದ ಮಾವ ಪುರಾಣ ಕೇಳುವಂತೆ ಕಣ್ಣು ಅರೆಮುಚ್ಚಿ ಕೇಳಿದರು. ಗೋದಾಮು ಮುಚ್ಚುವಾಗ ಯಾವ ಬಾಗಿಲಲ್ಲೂ ಕೀಲಿಕೈ ಬಿಡದೆ ಕಿತ್ತು ತರುವುದು ಅವರ ಆಯುಷ್ಯದ ವ್ರತ. "ಕೀಲಿಕೈ ಕಾಯೋದು ನಂಗೆ ಹೇಳ್ಕೊಡ್ಬೇಕೇನಪ್ಪ? ನಿಶ್ಚಿಂತೆಯಿಂದ ಹೋಗು."

ಅಕ್ಕ ಬೀಗದ ಉದ್ದನೆಯ ಅಕ್ಷರಸಾಲಿನ ಬಾಲವನ್ನು ಬಿಟ್ಟು ನಕಲು ಮಾಡಿದ್ದರಿಂದ, ಯಂತ್ರ ಅವಳನ್ನು ಗುರುತಿಲ್ಲದ ನೆಂಟಳಂತೆ ಹೊಸ್ತಿಲಲ್ಲೇ ನಿಲ್ಲಿಸಿತು. ಅದನ್ನು ಸರಿಪಡಿಸುವಷ್ಟರಲ್ಲಿ, ಗೋದಾಮಿನ ಯಜಮಾನರು ತಮ್ಮ ಫೋನಿಗೆ ಚಾರ್ಜ್ ಹಾಕಲು ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತರು. ಅವನು ದೇವರನ್ನು ನೆನೆದು ಮತ್ತೆ ಮೊದಲಿನಿಂದ ಶುರುಮಾಡಿದ. ಸಂಜೆಗೆ ಎಲ್ಲ ಕಂಪ್ಯೂಟರುಗಳಿಂದಲೂ ಬಾಗಿಲು ತೆರೆಯಿತು. ಅವನು ಕೈಮುಗಿದು, ಇನ್ನು ಪಾಸ್‌ವರ್ಡ್ ಒತ್ತಿದರೂ ತೆರೆಯದಂತೆ ಆ ಬಾಗಿಲನ್ನು ಮುಚ್ಚಿ, ಮುಖ ತೊಳೆದು ಬಂದ. ಮಾವ ತಾವೇ ಅವನ ಚೀಲ ಹೊತ್ತು ಗೇಟಿನವರೆಗೂ ಬಂದರು.

ರೈಲು ಹೊರಟಿತು. ಫೋನು ಮೌನ. ಎದುರಿಗೆ ಹೆಂಡತಿ ನಗುತ್ತಿದ್ದಳು. ಆ ನಗೆ ನೋಡಿ ಎಷ್ಟು ವರ್ಷವಾಗಿತ್ತೋ! ಅವನು ಭಗವಂತನಿಗೆ ಮನಸ್ಸಿನಲ್ಲೇ ಅಡ್ಡಬಿದ್ದ.

ಫೋನು ಬಡಿದುಕೊಂಡಿತು.

"ಯಾವ ಕಂಪ್ಯೂಟರಲ್ಲೂ ಬಾಗಿಲು ತೆಗೀತಿಲ್ಲ ಕಣಯ್ಯ!" ಯಜಮಾನರ ಕೂಗು. "ಆಸ್ಪತ್ರೆ ಲಾರಿ ಬಂದು ನಿಂತಿದೆ!"

"ಕೀಲಿಕೈ ಇದೆಯಾ ನೋಡಿ ಸಾರ್."

ಮಾವ ಫೋನು ಇಸಿದುಕೊಂಡರು. "ಎಲ್ಲಿರುತ್ತಪ್ಪ? ಗೋದಾಮು ಮುಚ್ಚೋ ಹೊತ್ತಲ್ಲಿ ಕೀಲಿಕೈನ ಬಾಗಿಲಲ್ಲೇ ಬಿಡ್ತೀವಾ? ನೀನು ಮುಖ ತೊಳೆಯೋಕೆ ಹೋದಾಗ, ನಿಂದೂ ಸೇರಿಸಿ ಎಲ್ಲಾನೂ ಅಕ್ಕನ ಕೈಲಿ ಪೆನ್‌ಡ್ರೈವಿಗೆ ತೆಗೆಸ್ದೆ. ಕಂಪ್ಯೂಟರಲ್ಲಿ ಒಂದ್ ಚೂರೂ ಉಳಿಸಿಲ್ಲ. ನಂಬಿಕಸ್ಥ ಅಂದ್ರೆ ನೀನೊಬ್ನೇ ಅಲ್ವಾ, ನಿನ್ನ ಚೀಲದಲ್ಲೇ ಇಟ್ಟಿದೀನಿ."

ಅವನು ಚೀಲಕ್ಕೆ ಕೈಹಾಕಿದ. ಮೊಮ್ಮಗುವಿಗೆಂದು ಕೊಂಡ ಉಣ್ಣೆಯ ಟೋಪಿಯೊಳಗೆ ಪೆನ್‌ಡ್ರೈವು ಬೆಚ್ಚಗೆ ಮಲಗಿತ್ತು.

"ಮಾವ, ಎಲ್ಲಾದ್ರೂ ಕಂಪ್ಯೂಟರ್ ಹುಡುಕಿ ಈಮೇಲಲ್ಲಿ ಕಳಿಸ್ಲಾ?"

"ಛೆ ಛೆ! ಪ್ರಾಣ ಹೋದ್ರೂ ಬೇಡ ಅಂದೋನು ನೀನೇ. ಇಳಿದು ಬಾ, ಕಾಯ್ತಿರ್ತೀವಿ."

ಮುಂದಿನ ನಿಲ್ದಾಣದಲ್ಲಿ ಅವನು ಇಳಿದ. ಹೆಂಡತಿ ಕಿಟಕಿಯಿಂದ ಇಣುಕಿ, "ಮಗೂಗೆ ಏನಂತ ಹೇಳ್ಲಿ?" ಎಂದಳು.

ರೈಲು ಕಣ್ಮರೆಯಾದ ಮೇಲೆ ನೋಡಿಕೊಂಡರೆ, ಮೊಮ್ಮಗುವಿನ ಟೋಪಿಯೂ ಅವನ ಕೈಯಲ್ಲೇ ಉಳಿದಿತ್ತು.